ಬೀದರ್ ಜಿಲ್ಲೆಯ ಹಳೆಯ ಕಡತಗಳು ಯಾರ ಆಸ್ತಿ?

ಹಲಬರ್ಗಾ ಹೋಬಳಿಯ ರೈತನಿಗೆ ತನ್ನ ಹೊಲದ ಪಹಣಿ ಬೇಕೆಂದರೆ ಈಗ ಹೆಚ್ಚು ಅಲೆದಾಟವಿಲ್ಲ. ಭೂಮಿ ಯೋಜನೆ ಬಂದ ಮೇಲೆ ಸರ್ವೆ ನಂಬರ್ ಹೇಳಿದರೆ ಸಾಕು, ಕನ್ನಡದಲ್ಲಿ ಮುದ್ರಿಸಿದ ಹಾಳೆ ಕೈಗೆ ಬರುತ್ತದೆ. ತೊಡಕು ಶುರುವಾಗುವುದು ಅಣ್ಣತಮ್ಮಂದಿರ ಪಾಲಿನ ತಕರಾರೋ ಇನಾಂ ಜಮೀನಿನ ಹಕ್ಕಿನ ಪ್ರಶ್ನೆಯೋ ಎದ್ದಾಗ. ಆಗ ಇವತ್ತಿನ ಹಾಳೆ ಸಾಲದು. ಅದರ ಹಿಂದಿನದು ಬೇಕು, ಅದಕ್ಕೂ ಹಿಂದಿನದು ಬೇಕು. ಹೀಗೆ ಹಿಂದೆ ಸರಿಯುತ್ತ ಹೋದರೆ 1954-55ರ ಖಾಸ್ರಾ ಪಹಣಿ, ಅದರಾಚೆ ನಿಜಾಮರ ಕಾಲದ ಸೇತ್ವಾರ್ ಎಂಬ ಸರ್ವೆ ವಹಿ. ಅಲ್ಲಿಗೆ ತಲುಪುವಷ್ಟರಲ್ಲಿ ಕನ್ನಡ ಹಿಂದೆ ಉಳಿದಿರುತ್ತದೆ. ಬರಹ ಉರ್ದುವಿನದು, ಕೆಲವು ಊರಿನ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ. ವರ್ಷ ಫಸಲಿ, ತಿಂಗಳುಗಳ ಹೆಸರು ದೈ, ಬಹಮನ್, ಖುರ್ದಾದ್, ತೀರ್, ಮೆಹರ್. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಬರುತ್ತದೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮರುತಿಂಗಳು ಶುರುವಾದ ವರ್ಷ 1358 ಫಸಲಿ. ಇಷ್ಟು ತಿಳಿಯದವನಿಗೆ ತನ್ನ ಅಜ್ಜನ ಹೆಸರು ಕಣ್ಣೆದುರೇ ಇದ್ದರೂ ಕಾಣುವುದಿಲ್ಲ.

ಸರ್ಕಾರದ ದಿನನಿತ್ಯದ ಕಾಗದವನ್ನು ನಾವು ಹಗುರವಾಗಿ ನೋಡುತ್ತೇವೆ. ಫರ್ಮಾನು, ಶಾಸನ, ಒಪ್ಪಂದಪತ್ರ ಇವು ಇತಿಹಾಸ. ಆವಕ-ಜಾವಕ ವಹಿ, ತಹಸೀಲ್ದಾರರ ಟಿಪ್ಪಣಿ, ಜಮಾಬಂದಿ ಲೆಕ್ಕ ಇವು ರದ್ದಿ ಎಂಬ ಭಾವನೆ ಕಚೇರಿಗಳಲ್ಲೂ ಇದೆ, ಹೊರಗೂ ಇದೆ. ನನ್ನ ವಾದ ಇದಕ್ಕೆ ಎದುರಾದದ್ದು. ಜನಸಾಮಾನ್ಯರ ಪಾಲಿಗೆ ಗಟ್ಟಿಯಾದ ಸಾಕ್ಷಿ ಈ ಎರಡನೆಯ ಬಗೆಯ ಕಾಗದವೇ. ಫರ್ಮಾನನ್ನು ದೊರೆ ನಾಲ್ಕು ಜನ ನೋಡಲಿ ಎಂದು ಬರೆಸುತ್ತಾನೆ. ಗುಮಾಸ್ತನ ಟಿಪ್ಪಣಿ ನಾಳಿನ ಕೆಲಸಕ್ಕಾಗಿ ಬರೆದದ್ದು. ಮುನ್ನೂರು ವರ್ಷದ ನಂತರ ಅದನ್ನು ಯಾರೋ ಓದುತ್ತಾರೆಂಬ ಎಣಿಕೆಯೇ ಅವನಿಗಿರುವುದಿಲ್ಲ. ಆದ್ದರಿಂದಲೇ ಅಲ್ಲಿ ನಟನೆ ಕಡಿಮೆ. ಆ ಕಾಗದ ಉಳಿಯಬೇಕು, ತೆರೆದಿರಬೇಕು, ಓದಲು ಬರಬೇಕು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥ. ಬೀದರ್ ಜಿಲ್ಲೆಯ ವಿಷಯದಲ್ಲಿ ಮೂರನೆಯದೇ ತಪ್ಪಿಹೋಗಿದೆ.

ಈ ನೆಲದ ದಿನಗಡತಗಳು ಎಷ್ಟು ಹಿಂದಕ್ಕೆ ಹೋಗುತ್ತವೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. 1657ರಲ್ಲಿ, ತಂದೆ ಷಹಜಹಾನನ ಪರವಾಗಿ ದಖ್ಖನ್ನಿನ ಸುಬೇದಾರನಾಗಿದ್ದ ಔರಂಗಜೇಬ ಬೀದರ್ ಕೋಟೆಯನ್ನು ಬಿಜಾಪುರದವರಿಂದ ಗೆದ್ದುಕೊಂಡು ಊರಿಗೆ ಜಫರಾಬಾದ್ ಎಂದು ಹೆಸರಿಟ್ಟ. ಆ ಕಾಲದ ದಖ್ಖನ್ ಆಡಳಿತದ ಕಾಗದಗಳು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಇವತ್ತಿಗೂ ಇವೆ. ಷಹಜಹಾನನ ಕಾಲದವು ಸುಮಾರು 5,000, ಔರಂಗಜೇಬನ ಕಾಲದವು ಸುಮಾರು 1,50,000. ದೆಹಲಿ, ಆಗ್ರಾಗಳಲ್ಲಿ ಅಳಿದುಹೋದ ಬಗೆಯ ಕಾಗದಗಳು ದಖ್ಖನ್ನಿನಲ್ಲಿ ಉಳಿದವು. ಇವುಗಳಲ್ಲಿ ‘ವಾಕಾಯಿ’ ಎಂಬವು ವರದಿಗಾರರು ಬರೆದು ಕಳಿಸುತ್ತಿದ್ದ ಸುದ್ದಿಪತ್ರಗಳು: ಯಾವ ಸರದಾರ ಬಂದ, ಯಾರು ಹೋದ, ಯಾರು ತೀರಿಕೊಂಡ, ಎಲ್ಲಿ ಜಗಳವಾಯಿತು. ಇನ್ನೊಂದು ಬಗೆ ‘ಅರ್ಜ್-ಒ-ಚೆಹರಾ’. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸರದಾರರು ಇಲ್ಲದ ಸವಾರರನ್ನು ಲೆಕ್ಕದಲ್ಲಿ ತೋರಿಸಿ ಸಂಬಳ ನುಂಗುತ್ತಿದ್ದರು. ಅದನ್ನು ತಡೆಯಲು ಪ್ರತಿ ಸವಾರನನ್ನು ಎದುರಿಗೆ ನಿಲ್ಲಿಸಿ ಅವನ ಹೆಸರು, ತಂದೆಯ ಹೆಸರು, ಮೈಬಣ್ಣ, ಹಣೆ, ಹುಬ್ಬು, ಮುಖದ ಮೇಲಿನ ಮಚ್ಚೆ, ಗಾಯದ ಕಲೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕೆಳಗೆ ಅವನ ಕುದುರೆಯ ಬಣ್ಣ, ಅದಕ್ಕೆ ಹಾಕಿದ ಬರೆಯ ಗುರುತು. ಯಾವ ಆಸ್ಥಾನ ಕವಿಯೂ, ಯಾವ ಚರಿತ್ರೆಕಾರನೂ ಈ ಸವಾರನನ್ನು ಎಣಿಕೆಗೆ ತಂದುಕೊಳ್ಳಲಿಲ್ಲ. ಕಳ್ಳಲೆಕ್ಕ ತಡೆಯಲು ಹೊರಟ ಗುಮಾಸ್ತ ಮಾತ್ರ ಅವನ ಮುಖವನ್ನು ನಮಗಾಗಿ ಉಳಿಸಿಕೊಟ್ಟಿದ್ದಾನೆ.

ಆಮೇಲಿನದು ನಿಜಾಮರ ಕಾಲ. 1860ರ ದಶಕದಲ್ಲಿ ಮೊದಲನೆಯ ಸಾಲಾರ್ ಜಂಗ್ ಜಿಲ್ಲೆ, ತಾಲ್ಲೂಕುಗಳ ವ್ಯವಸ್ಥೆ ತಂದ ಮೇಲೆ ಕಾಗದದ ಹೊಳೆ ದೊಡ್ಡದಾಯಿತು. ಶತಮಾನ ಮುಗಿಯುವ ಮೊದಲೇ ಪಾರಸಿಯ ಜಾಗಕ್ಕೆ ಉರ್ದು ಬಂತು. ಊರಿನಲ್ಲಿ ಪಟವಾರಿ, ಮಾಲಿ ಪಟೇಲ, ಪೊಲೀಸ್ ಪಟೇಲ. ಮೇಲೆ ಗಿರ್ದಾವರ, ತಹಸೀಲ್ದಾರ, ತಾಲ್ಲೂಕದಾರ. ಒಬ್ಬರಿಂದ ಒಬ್ಬರಿಗೆ ಮಿಸಲು, ಅಂದರೆ ಕಡತ, ಏರುತ್ತ ಇಳಿಯುತ್ತ ಇತ್ತು. ಹೈದರಾಬಾದಿನ ಸರ್ಕಾರಿ ದಾಖಲೆ ಕಚೇರಿಯಾದ ದಫ್ತರ್-ಎ-ದಿವಾನಿಯಲ್ಲಿ ಅದರ ಒಂದು ಪಾಲು ಶೇಖರವಾಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರಾಗಿ ಒಡೆದಾಗ ಬೀದರ್ ಜಿಲ್ಲೆಯೂ ಮೂರಾಯಿತು. ಅಹಮದ್‌ಪುರ, ನಿಲಂಗಾ, ಉದಗೀರ್ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ. ನಾರಾಯಣಖೇಡ, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಆಂಧ್ರಕ್ಕೆ. ಭಾಲ್ಕಿ, ಔರಾದ, ಹುಮನಾಬಾದ್ ಮತ್ತು ಬೀದರ್ ಮೈಸೂರಿಗೆ. ನೆಲವನ್ನು ಗೆರೆ ಎಳೆದು ಹಂಚಬಹುದು, ಕಡತವನ್ನು ಹಾಗೆ ಹಂಚಲಾಗದು. ಒಂದೇ ಮಿಸಲಿನಲ್ಲಿ ಉದಗೀರದ ಊರೂ ಔರಾದದ ಊರೂ ಇರುತ್ತವೆ. ಹೀಗಾಗಿ ಜಿಲ್ಲೆಯ ಹಳೆಯ ದಾಖಲೆ ಒಂದೇ ಕಡೆ ಸಿಗುವುದಿಲ್ಲ. ಅದರ ಬಹುಮುಖ್ಯ ಭಾಗ ಇಂದಿಗೂ ಪಕ್ಕದ ರಾಜ್ಯದ ರಾಜಧಾನಿಯಲ್ಲಿದೆ. ಕರ್ನಾಟಕ ರಾಜ್ಯ ಪತ್ರಾಗಾರ ಹುಟ್ಟಿದ್ದೇ 1973ರಲ್ಲಿ, ಅದೂ ಬೆಂಗಳೂರಿನಲ್ಲಿ. ಮೈಸೂರು ಸಂಸ್ಥಾನದ ಕಡತಗಳಿಗೆ ಅಲ್ಲಿ ಸಿಕ್ಕ ಪೋಷಣೆ ನಿಜಾಮರ ಸೀಮೆಯ ಕಡತಗಳಿಗೆ ಸಿಗದೇ ಹೋದದ್ದಕ್ಕೆ ದೂರವೂ ಕಾರಣ, ಲಿಪಿಯೂ ಕಾರಣ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತೂಕದ್ದೇ. ಈ ಕಾಗದಗಳನ್ನು ಬರೆದವರು ಆಳುವವರ ಕಡೆಯವರು. ರೈತನ ಮಾತು ಅವುಗಳಲ್ಲಿ ಎಲ್ಲಿದೆ, ಜಾಗೀರದಾರನ ಪರ ಬರೆದ ಲೆಕ್ಕವನ್ನು ಇತಿಹಾಸವೆಂದು ಹೊತ್ತು ತಿರುಗಬೇಕೆ? ನಿಜ, ಪಟವಾರಿ ನಿಷ್ಪಕ್ಷಪಾತಿಯಾಗಿರಲಿಲ್ಲ. ಆದರೆ ಅವನ ಸುಳ್ಳು ಬಯಲಾದದ್ದೂ ಕಾಗದದಿಂದಲೇ. ಊರಿನ ವಹಿಯಲ್ಲಿ ಒಂದು ಅಂಕಿ, ತಾಲ್ಲೂಕಿನ ಜಮಾಬಂದಿಯಲ್ಲಿ ಇನ್ನೊಂದು, ಅರ್ಜಿಯಲ್ಲಿ ಮೂರನೆಯದು ಇದ್ದಾಗ ಆ ಮೂರರ ನಡುವೆ ರೈತನ ದನಿ ಕೇಳುತ್ತದೆ. 1949ರಲ್ಲಿ ಜಾಗೀರುಗಳು ರದ್ದಾದಾಗ, 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂದಾಗ, ಉಳುವವನು ತಾನು ಉಳುತ್ತಿದ್ದೆ ಎಂದು ತೋರಿಸಲು ಕೈ ಚಾಚಬೇಕಾದದ್ದು ಇಂಥ ವಹಿಗಳಿಗೇ. ಕಾಗದವೇ ಇಲ್ಲದಿದ್ದರೆ ಗೆಲ್ಲುವವನು ಬಡವನಲ್ಲ. ಊರಲ್ಲಿ ದೊಡ್ಡ ದನಿ ಇದ್ದವನು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ: ಹಳೆಯ ಗಾಯ ಕೆದಕಬೇಡಿ. ಬೀದರ್ ಸೀಮೆಯಲ್ಲಿ ಈ ಮಾತಿನ ಅರ್ಥ 1948. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ನಿಜಾಮರ ಪರದ ಸಶಸ್ತ್ರ ಪಡೆಯಾದ ರಜಾಕಾರರು ನಡೆಸಿದ ಹತ್ಯಾಕಾಂಡದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಜನ ನೆನೆಯುತ್ತಾರೆ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಿ ಬರಲು ಪ್ರಧಾನಿ ನೆಹರೂ ಅವರ ಇಚ್ಛೆಯಂತೆ ಪಂಡಿತ್ ಸುಂದರಲಾಲ್ ಅವರ ತಂಡ ಬಂತು. ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಇರಬಹುದೆಂದು ಅದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದೆಂದು ಹೇಳಿತು. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಕ್ಕಿತೆಂದು ಸುದ್ದಿಯಾದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಕಂಡವರು, ಕಳೆದುಕೊಂಡವರು ಬಹುಪಾಲು ಹೋಗಿಬಿಟ್ಟಿದ್ದರು. ಮುಚ್ಚಿಟ್ಟದ್ದರಿಂದ ಗಾಯ ಮಾಯಲಿಲ್ಲ. ಒಂದು ಮನೆಯವರು ಒಂದು ಸಂಖ್ಯೆ, ಇನ್ನೊಂದು ಮನೆಯವರು ಇನ್ನೊಂದು ಸಂಖ್ಯೆ ಇಟ್ಟುಕೊಂಡು, ತಮ್ಮವರ ಸಾವನ್ನಷ್ಟೇ ಎಣಿಸುತ್ತ ಉಳಿದರು. ಎರಡೂ ಸಾವುಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಲು ಆ ತಿಂಗಳುಗಳ ಠಾಣೆ, ತಹಸೀಲು, ಕಲೆಕ್ಟರ್ ಕಚೇರಿಗಳ ದಿನವಹಿಗಳು ಬೇಕು.

ತೆರೆಯುವುದರಿಂದ ದೇಶಕ್ಕೆ ಕೇಡಾಗುತ್ತದೆ ಎನ್ನುವವರು ಅಮೆರಿಕದ ಕಡೆ ನೋಡಬಹುದು. ಅಲ್ಲಿ ಅಧ್ಯಕ್ಷರು ಎಷ್ಟು ಗಂಟೆಗೆ ಯಾರನ್ನು ಕಂಡರು, ಯಾರೊಡನೆ ಎಷ್ಟು ನಿಮಿಷ ಫೋನಿನಲ್ಲಿ ಮಾತಾಡಿದರು ಎಂಬ ದಿನಚರಿಯನ್ನು ಸಿಬ್ಬಂದಿ ಬರೆದಿಡುತ್ತಾರೆ. ಅಲ್ಲೂ ಇಂಥ ಕಾಗದಗಳ ಮೇಲೆ ಪ್ರಜೆಗಳ ಹಕ್ಕು ಸುಲಭವಾಗಿ ದಕ್ಕಿದ್ದಲ್ಲ. ಅಧ್ಯಕ್ಷ ನಿಕ್ಸನ್ ತಮ್ಮ ಕಚೇರಿಯ ಮಾತುಕತೆಯನ್ನು ಗುಟ್ಟಾಗಿ ಟೇಪು ಮಾಡಿಸುತ್ತಿದ್ದುದು 1973ರ ಜುಲೈನಲ್ಲಿ ಬಯಲಾಯಿತು; ಮರುವರ್ಷದ ಜುಲೈ 24ರಂದು ಸುಪ್ರೀಂ ಕೋರ್ಟು ಟೇಪು ಕೊಡಿ ಎಂದಿತು; ಆಗಸ್ಟ್ 9ಕ್ಕೆ ಅವರು ಕುರ್ಚಿ ಬಿಟ್ಟರು. ಅಲ್ಲಿಯವರೆಗೆ ಅಧ್ಯಕ್ಷರ ಕಾಗದಗಳು ಅವರವರ ಸ್ವಂತ ಸೊತ್ತೆಂದೇ ನಡೆದುಬಂದಿತ್ತು. 1978ರ ಕಾಯ್ದೆ ಅವು ಪ್ರಜೆಗಳ ಸೊತ್ತು ಎಂದು ಬರೆಯಿತು, 1981ರ ಜನವರಿ 20ರಿಂದ ಅದು ಜಾರಿಗೆ ಬಂತು. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ನಿಕ್ಸನ್, ಅವರ ಸಲಹೆಗಾರ ಕಿಸಿಂಜರ್ ಇಬ್ಬರೂ ಇಂದಿರಾ ಗಾಂಧಿಯವರ ಬಗ್ಗೆ ಆಡಿದ ಕೀಳು ಮಾತುಗಳನ್ನು 2005ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯೇ ಗ್ರಂಥ ಮಾಡಿ ಹೊರತಂದಿತು. ಕಿಸಿಂಜರ್ ವಿಷಾದ ಹೇಳಬೇಕಾಯಿತು. ಎರಡು ದೇಶಗಳ ನಂಟು ಮುರಿಯಲಿಲ್ಲ. ನಮ್ಮಲ್ಲೂ ಕೇಂದ್ರದ ಮಟ್ಟಕ್ಕೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ, 2005ರ ಮಾಹಿತಿ ಹಕ್ಕು ಕಾಯ್ದೆಯಂತೂ ದಾಖಲೆಗಳನ್ನು ಪಟ್ಟಿ ಮಾಡಿ ಸುಸ್ಥಿತಿಯಲ್ಲಿಡುವುದು ಪ್ರತಿ ಕಚೇರಿಯ ಕರ್ತವ್ಯವೆಂದು ಹೇಳುತ್ತದೆ. ಕಾನೂನಿಗೆ ಕೊರತೆಯಿಲ್ಲ.

ಇನ್ನು, ಎಲ್ಲವನ್ನೂ ಸ್ಕ್ಯಾನ್ ಮಾಡಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. 2024ರಲ್ಲಿ ಕಂದಾಯ ಇಲಾಖೆ ಭೂ ಸುರಕ್ಷಾ ಹೆಸರಿನಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಲು ತೊಡಗಿದ್ದು ಒಳ್ಳೆಯ ಕೆಲಸ; ಗೆದ್ದಲು, ಮಳೆನೀರು, ಕಳ್ಳಕೈ ಮೂರರಿಂದಲೂ ಅದು ಕಾಪಾಡುತ್ತದೆ. ಆದರೆ ಓದಲಾಗದ ಉರ್ದು ಶಿಕಸ್ತಾ, ಅಂದರೆ ಅವಸರದ ಕೂಡುಬರಹ, ಪರದೆಯ ಮೇಲೂ ಓದಲಾಗದ ಬರಹವೇ. ಸೂಚಿ ಮಾಡುವವನಿಗೆ ಊರ ಹೆಸರು, ಫಸಲಿ ವರ್ಷ ಓದಲು ಬರದಿದ್ದರೆ ಲಕ್ಷ ಹಾಳೆಗಳ ನಡುವೆ ಹಲಬರ್ಗಾದ ಹಾಳೆಯನ್ನು ಹುಡುಕುವುದು ಹೇಗೆ? ವಾಸ್ತವವಾಗಿ ಈ ಕೆಲಸಕ್ಕೆ ಇಡೀ ಕರ್ನಾಟಕದಲ್ಲಿ ಬೀದರಿನಷ್ಟು ತಕ್ಕ ಜಿಲ್ಲೆ ಇಲ್ಲ. ಭಾಲ್ಕಿ, ಔರಾದ ಕಡೆ ಕನ್ನಡ, ಮರಾಠಿ ಎರಡೂ ಮನೆಮಾತಿನಷ್ಟು ಸಲೀಸು. ಬೀದರ್ ಪೇಟೆಯಲ್ಲಿ ಉರ್ದು ಓದಿ ಬರೆಯುವ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಅವರಿಗೆ ಮೋಡಿ, ಶಿಕಸ್ತಾ ಓದು ಮತ್ತು ಹಳೆಯ ಕಂದಾಯದ ಪರಿಭಾಷೆ ಕಲಿಸಿದರೆ ಸಾಕು, ಕೆಲಸವೂ ಸಿಗುತ್ತದೆ, ಕಡತವೂ ಬಾಯಿ ಬಿಡುತ್ತದೆ. ಹಳೆಯ ಕಾಗದ ಹೊರಬಂದರೆ ವ್ಯಾಜ್ಯ ಹೆಚ್ಚುತ್ತದೆ ಎಂಬ ಅಂಜಿಕೆಗೂ ಉತ್ತರ ಇಲ್ಲೇ ಇದೆ: ವ್ಯಾಜ್ಯ ಎಳೆಯುವುದು ಕಾಗದ ಒಬ್ಬನ ಕೈಯಲ್ಲಿ, ಓದು ಇನ್ನೊಬ್ಬನ ಕೈಯಲ್ಲಿ ಇರುವುದರಿಂದ. ಹಳೆಯ ಹೈದರಾಬಾದ್ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರಕ್ಕಾಗಿ ತಮ್ಮ ನೆಲೆ ಇಲ್ಲಿಯದೇ ಎಂದು ತೋರಿಸಬೇಕಾದ ಇಂದಿನ ಮಕ್ಕಳಿಗೂ ಹಿಂದಿನವರ ಶಾಲೆ, ಜಮೀನು, ಜನನದ ದಾಖಲೆಯೇ ಆಸರೆ.

ಮಾಡಬೇಕಾದ್ದು ದೊಡ್ಡ ಖರ್ಚಿನದಲ್ಲ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿರುವ ಬೀದರ್ ವಿಶ್ವವಿದ್ಯಾಲಯ ಹಳೆಯ ಲಿಪಿಗಳ ಒಂದು ಕೋರ್ಸು ತೆರೆಯಲಿ. ರಾಜ್ಯ ಪತ್ರಾಗಾರ ತಾರ್ನಾಕದಲ್ಲಿರುವ ಬೀದರ್ ಜಿಲ್ಲೆಯ ಕಡತಗಳ ಪ್ರತಿಗಳನ್ನು ತೆಲಂಗಾಣ ಸರ್ಕಾರದಿಂದ ಅಧಿಕೃತವಾಗಿ ಕೇಳಿ ಪಡೆಯಲಿ. ಉದಗೀರ್, ನಿಲಂಗಾ ಕಡೆ ಉಳಿದವುಗಳಿಗೆ ಮಹಾರಾಷ್ಟ್ರಕ್ಕೂ ಬರೆಯಲಿ. ಮನೆಯ ಗೂಡಿನಲ್ಲಿ, ಟ್ರಂಕಿನಲ್ಲಿ ಪಟವಾರಿಯ ಕಾಲದ ವಹಿ, ರಸೀದಿ, ಸನದು ಇಟ್ಟುಕೊಂಡಿರುವ ಕುಟುಂಬಗಳು ಓದಲು ಬರುವುದಿಲ್ಲವೆಂಬ ಕಾರಣಕ್ಕೆ ಅವುಗಳನ್ನು ರದ್ದಿಗೆ ಹಾಕದಿರಲಿ. ಮೂಲ ತಮ್ಮ ಬಳಿಯೇ ಇರಲಿ, ಒಂದು ನಕಲು ಪತ್ರಾಗಾರಕ್ಕೆ ಕೊಡಲಿ.