ನಿಮ್ಮ ಮನೆಯ ಪಹಣಿಯಲ್ಲಿ ಯಾರ ಹೆಸರಿದೆ?

ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ಸರ್ವೆ ಲ್ಯಾಬ್‌ನಲ್ಲಿ ಟೋಟಲ್ ಸ್ಟೇಷನ್ ಯಂತ್ರ ನಿಲ್ಲಿಸಿ ಜಾಗವೊಂದರ ಮೂಲೆಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಗುರುತಿಸುವುದನ್ನು ಕಲಿತಿದ್ದೇವೆ. ಜಾಗ ಎಲ್ಲಿದೆ, ಎಷ್ಟಿದೆ ಎಂಬ ಪ್ರಶ್ನೆಗಳಿಗೆ ಆ ಯಂತ್ರದ ಬಳಿ ಉತ್ತರವಿದೆ. ಆದರೆ ಅದು ಯಾರದು ಎಂದು ಕೇಳಿದರೆ ಯಂತ್ರ ಸುಮ್ಮನಾಗುತ್ತದೆ. ಆ ಪ್ರಶ್ನೆಗೆ ಉತ್ತರಿಸುವುದು ಕಾನೂನು. ಅದರ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಬೆಳೆಯಿಂದ ಬೆಳೆಗೂ ಬೇರೆಯಾಗಿದೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಾಫಿ ಸೀಮೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ನಮ್ಮೂರು ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿಯಲ್ಲಿದೆ. ಇಲ್ಲಿ ಒಂದೇ ಇಳಿಜಾರಿನಲ್ಲಿ ಕೆಳಗೆ ಗದ್ದೆ, ಮೇಲೆ ಕಾಫಿ ತೋಟ, ತೋಟದ ಅಂಚಿನಲ್ಲಿ ಕೂಲಿ ಕಾರ್ಮಿಕರ ಲೈನ್ ಮನೆಗಳು. ಮಳೆ ಒಂದೇ, ಮಣ್ಣೂ ಒಂದೇ. ಆದರೆ ಈ ಮೂರು ಕಡೆ ಬದುಕಿದವರಿಗೆ ಕಾನೂನು ಕೊಟ್ಟದ್ದು ಮೂರು ಥರದ ಉತ್ತರ.

ಮೊದಲು ಗದ್ದೆಯ ಮಾತು. ನಮ್ಮಜ್ಜ ಗೇಣಿ ಮಾಡುತ್ತಿದ್ದವರು. ಉಳುವುದು, ನಾಟಿ, ಕೊಯ್ಲು ಎಲ್ಲ ಅವರದು. ಸುಗ್ಗಿ ಮುಗಿದ ಮೇಲೆ ಭತ್ತ ಅಳೆದು ಕೊಡುವುದು ಒಡೆಯರಿಗೆ. ಮಲೆನಾಡಿನ ಗೇಣಿದಾರರ ಸಂಕಟ ಎಂಥದು ಎಂದು ನಾಡಿಗೆ ಗೊತ್ತಾಗಿದ್ದು 1951ರ ಕಾಗೋಡು ಸತ್ಯಾಗ್ರಹದಿಂದ. ಸಾಗರ ತಾಲ್ಲೂಕಿನ ಆ ಹೋರಾಟಕ್ಕೆ ಕಿಡಿ ಹತ್ತಿದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ರಾಮಮನೋಹರ ಲೋಹಿಯಾ ಕೂಡ ಅಲ್ಲಿಗೆ ಬಂದಿದ್ದರು. ರಾಜ್ಯದ ಭೂಸುಧಾರಣಾ ಕಾಯ್ದೆ 1961ರಲ್ಲೇ ರೂಪುಗೊಂಡಿತ್ತಾದರೂ ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸು ಅವರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ, ‘ಈ ಜಮೀನು ಉಳುತ್ತಿದ್ದವನು ನಾನೇ’ ಎಂದು ಭೂ ನ್ಯಾಯಮಂಡಳಿ ಮುಂದೆ ಸಾಬೀತು ಮಾಡಿದರೆ ಅದು ಅವನದಾಯಿತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಹೀಗೆ ಕಾಗದಕ್ಕೆ ಇಳಿಯಿತು. ನಮ್ಮ ಮನೆಗೆ ಎರಡು ಎಕರೆ ಹತ್ತು ಗುಂಟೆ ಗದ್ದೆ ಬಂದದ್ದು ಹೀಗೆ.

ಈಗ ಅದೇ ಇಳಿಜಾರು ಹತ್ತಿ ತೋಟಕ್ಕೆ ಹೋಗೋಣ. ಅಜ್ಜಿಯ ಅಣ್ಣ ಅಲ್ಲೇ ಮೇಲಿನ ಎಸ್ಟೇಟಿನಲ್ಲಿ ಜೀವಮಾನವಿಡೀ ದುಡಿದವರು. ಕಸಿ ಮಾಡುವುದು, ಮರಗಸಿ, ಹಣ್ಣು ಕೊಯ್ಯುವುದು ಎಲ್ಲದರಲ್ಲೂ ಅವರದು ಪಳಗಿದ ಕೈ. 1974 ಅವರ ಪಾಲಿಗೆ ಬರಲೇ ಇಲ್ಲ. ಇದಕ್ಕೆ ಕಾರಣ ಎರಡು. ಒಂದು, ಕೂಲಿಗೆ ದುಡಿಯುವವನು ಕಾನೂನಿನ ಕಣ್ಣಿನಲ್ಲಿ ಗೇಣಿದಾರ ಅಲ್ಲ. ಎರಡು, ಅದೇ ಕಾಯ್ದೆಯ 104ನೇ ಕಲಂ ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸಿನಂಥ ಪ್ಲಾಂಟೇಷನ್ ಬೆಳೆಗಳ ಜಮೀನಿಗೆ ವಿನಾಯಿತಿ ಕೊಟ್ಟಿದೆ. ಗದ್ದೆಗೆ ಅನ್ವಯಿಸುವ ಭೂಮಿತಿ ತೋಟಕ್ಕೆ ಅನ್ವಯಿಸುವುದಿಲ್ಲ. ಗಿಡ ಫಸಲಿಗೆ ಬರಲು ವರ್ಷಗಳು ಬೇಕು, ದೊಡ್ಡ ಬಂಡವಾಳ ಬೇಕು, ತುಂಡು ಮಾಡಿದರೆ ತೋಟ ಹಾಳಾಗುತ್ತದೆ ಎಂಬುದು ಇದರ ಪರವಾದ ವಾದ. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದರ ಫಲವಾಗಿ, ಅಕ್ಕಪಕ್ಕದಲ್ಲೇ ದುಡಿದ ಭಾವ–ಭಾವಮೈದುನರಲ್ಲಿ ಒಬ್ಬರು ಜಮೀನಿನ ಒಡೆಯರಾದರು, ಇನ್ನೊಬ್ಬರು ನಿವೃತ್ತಿಯಾದ ದಿನ ಮನೆ ಖಾಲಿ ಮಾಡಿದರು.

ಮನೆ ಯಾಕೆ ಖಾಲಿ ಮಾಡಬೇಕಾಯಿತು? ಆಗ ಜಾರಿಯಲ್ಲಿದ್ದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಪ್ರಕಾರ ಕಾರ್ಮಿಕರಿಗೆ ವಸತಿ ಕೊಡುವುದು ಮಾಲೀಕರ ಹೊಣೆಯಾಗಿತ್ತು. ಒಳ್ಳೆಯ ನಿಯಮವೇ. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಸೂರೂ ಹೋಯಿತು. ಮೂವತ್ತು ವರ್ಷ ಒಲೆ ಉರಿಸಿದ ಮನೆ ಒಂದು ದಿನವೂ ಅವರದಾಗಿರಲಿಲ್ಲ.

ಈ ಗೋಜಲು ನಮ್ಮದೊಂದೇ ಅಲ್ಲ. ನಮ್ಮಂತೆಯೇ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಐರ್ಲೆಂಡ್ ಇದನ್ನು ನಮಗಿಂತ ಮೊದಲೇ ಎದುರಿಸಿತ್ತು. ಅಲ್ಲೂ ಉಳುವವರು ಗೇಣಿದಾರರು, ಒಡೆತನ ಬೆರಳೆಣಿಕೆಯ ಜಮೀನ್ದಾರರದು. 1879ರಲ್ಲಿ ಅಲ್ಲಿನ ರೈತರು ಲ್ಯಾಂಡ್ ಲೀಗ್ ಕಟ್ಟಿದರು. ಮರುವರ್ಷ ಬಾಯ್ಕಾಟ್ ಎಂಬ ಜಮೀನ್ದಾರಿ ಏಜೆಂಟನ ಕೆಲಸಕ್ಕೆ ಯಾರೂ ಹೋಗಬಾರದು, ಅವನೊಂದಿಗೆ ಯಾರೂ ವ್ಯವಹರಿಸಬಾರದು ಎಂದು ಊರೇ ತೀರ್ಮಾನಿಸಿತು. ನಾವು ಕಾಲೇಜಿನಲ್ಲಿ ‘ಕ್ಲಾಸ್ ಬಾಯ್ಕಾಟ್’ ಅನ್ನುತ್ತೇವಲ್ಲ, ಆ ಪದ ಹುಟ್ಟಿದ್ದು ಅವನ ಹೆಸರಿನಿಂದಲೇ! 1881ರ ಕಾಯ್ದೆ ನ್ಯಾಯವಾದ ಗೇಣಿ ಮತ್ತು ಒಕ್ಕಲೆಬ್ಬಿಸದ ಭದ್ರತೆ ಕೊಟ್ಟಿತು. 1903ರ ಕಾಯ್ದೆ ಸರ್ಕಾರದ ಸಾಲದಿಂದ ಗೇಣಿದಾರರೇ ಜಮೀನು ಕೊಳ್ಳುವ ದಾರಿ ಮಾಡಿತು. ಕಂತು ತೀರಿಸಲು ಅರವತ್ತೆಂಟೂವರೆ ವರ್ಷ ಅವಧಿ! ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 1883ರ ಇನ್ನೊಂದು ಕಾಯ್ದೆ. ಅದರಡಿ ಸ್ಥಳೀಯ ಆಡಳಿತವೇ ಕೃಷಿ ಕೂಲಿಗಳಿಗೆ ಮನೆ ಕಟ್ಟಿಸಿ, ತರಕಾರಿ ಬೆಳೆಯುವಷ್ಟು ಜಾಗದ ಜೊತೆ ಬಾಡಿಗೆಗೆ ಕೊಟ್ಟಿತು. ಮನೆ ಧಣಿಯದಲ್ಲದ ಕಾರಣ ಧಣಿ ಕೆಲಸದಿಂದ ತೆಗೆದರೂ ಸೂರು ಉಳಿಯುತ್ತಿತ್ತು.

ಒಡೆತನದ ಇನ್ನೊಂದು ಮುಖ ದಾಖಲೆ. ಇಲ್ಲೂ ಐರ್ಲೆಂಡಿನ ಒಂದು ಕಥೆ ಇದೆ. ಡಬ್ಲಿನ್‌ನಲ್ಲಿ 1708ರಲ್ಲೇ ಕ್ರಯಪತ್ರಗಳನ್ನು ನೋಂದಾಯಿಸುವ ಕಚೇರಿ ಶುರುವಾಯಿತು. ಅದು ಪತ್ರವನ್ನು ದಾಖಲಿಸುತ್ತಿತ್ತೇ ವಿನಾ ಮಾರಿದವನಿಗೆ ನಿಜವಾಗಿ ಹಕ್ಕಿತ್ತೇ ಎಂಬುದಕ್ಕೆ ಜಾಮೀನು ನಿಲ್ಲುತ್ತಿರಲಿಲ್ಲ. ಮುಂದೆ ಅದೇ ದೇಶದ ಕಾರ್ಕ್ ನಗರದಲ್ಲಿ ಹುಟ್ಟಿದ ರಾಬರ್ಟ್ ಟಾರೆನ್ಸ್, ಆಸ್ಟ್ರೇಲಿಯಾಕ್ಕೆ ಹೋಗಿ 1858ರಲ್ಲಿ ಹೊಸ ಪದ್ಧತಿ ತಂದರು. ಅದರಲ್ಲಿ ಸರ್ಕಾರದ ರಿಜಿಸ್ಟರಿನಲ್ಲಿ ಹೆಸರಿದ್ದವನೇ ಒಡೆಯ. ಅದಕ್ಕೆ ಸರ್ಕಾರದ್ದೇ ಖಾತರಿ.

ನಮ್ಮದು ಇಂದಿಗೂ ಮೊದಲನೆಯ ಪದ್ಧತಿ. 1908ರ ನೋಂದಣಿ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿ ನೋಂದಾಯಿಸುವುದು ಪತ್ರವನ್ನು, ಒಡೆತನವನ್ನಲ್ಲ. ಹಾಗಾದರೆ ಪಹಣಿ? ಆರ್‌ಟಿಸಿ ಎಂದು ನಾವು ಕರೆಯುವ ಅದು ಮೂಲತಃ ಕಂದಾಯದ ದಾಖಲೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಅದರಲ್ಲಿರುವುದು ಸುಳ್ಳೆಂದು ಸಾಬೀತಾಗುವವರೆಗೆ ನಿಜ ಎಂದು ಭಾವಿಸಬೇಕು, ಅಷ್ಟೇ. ಬರೀ ಖಾತೆ ಬದಲಾವಣೆಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಅಂದರೆ ಒಡೆತನ ಎಂಬುದು ಒಂದು ಹಾಳೆಯಲ್ಲಿ ಇಲ್ಲ. ಕ್ರಯಪತ್ರ, ವಿಭಾಗಪತ್ರ, ಮಂಜೂರಾತಿ ಆದೇಶ, ಮ್ಯುಟೇಷನ್, ಋಣಭಾರ ಪತ್ರ, ಸ್ವಾಧೀನ ಇವೆಲ್ಲ ಒಂದಕ್ಕೊಂದು ಕೊಂಡಿಯಾಗಿ ನಿಂತಾಗ ಮಾತ್ರ ‘ಇದು ನಮ್ಮದು’ ಎಂಬ ಮಾತಿಗೆ ಬಲ.

ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದನ್ನು ಕಳೆದ ವರ್ಷ ನಮ್ಮ ಮನೆಯಲ್ಲೇ ಕಂಡೆ. ನನ್ನ ಓದಿಗೆ ಸಾಲ ಬೇಕಿತ್ತು. ಜಮೀನಿನ ಆಧಾರದ ಮೇಲೆ ಕೊಡುತ್ತೇವೆ, ಅಪ್ಪನ ಹೆಸರಿನ ಪಹಣಿ ತನ್ನಿ ಎಂದರು ಬ್ಯಾಂಕಿನವರು. ಅಜ್ಜ ತೀರಿಹೋಗಿ ಎಂಟು ವರ್ಷವಾಗಿದ್ದರೂ ಪಹಣಿಯಲ್ಲಿ ಇದ್ದದ್ದು ಅವರದೇ ಹೆಸರು. ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷದ ಕರಡಿನಲ್ಲಿ ಅಪ್ಪ ಮತ್ತು ಚಿಕ್ಕಪ್ಪನ ಹೆಸರು ಮಾತ್ರ ಇತ್ತು, ಅತ್ತೆಯದು ಇರಲಿಲ್ಲ. ‘ಅವಳು ಮದುವೆಯಾಗಿ ಹೋದವಳಲ್ಲ’ ಎಂದರು ಚಿಕ್ಕಪ್ಪ.

ಕಾನೂನು ಹಾಗೆ ಹೇಳುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಮದುವೆಯಾದವರನ್ನು ಹೊರಗಿಟ್ಟಿದ್ದ ಆ ಮಿತಿಯೂ 2005ರ ಕೇಂದ್ರ ತಿದ್ದುಪಡಿಯಲ್ಲಿ ಹೋಯಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಸ್ವಂತ ಆಸ್ತಿಯಾದರೂ ವಿಲ್ ಬರೆಯದೆ ತೀರಿಕೊಂಡ ತಂದೆಗೆ ಮಗನಂತೆ ಮಗಳೂ ವಾರಸುದಾರಳೇ. ಇದನ್ನೆಲ್ಲ ಮೊಬೈಲಿನಲ್ಲಿ ತೋರಿಸಿ ಮಾತಾಡಿದೆ. ಎರಡು ವಾರ ಮನೆಯಲ್ಲಿ ಬಿಗಿ ವಾತಾವರಣ. ಕೊನೆಗೆ ಅತ್ತೆಯೇ ಬಂದು, ‘ನಂಗೆ ಗದ್ದೆ ಬೇಡ ಮಾರಾಯ, ಅಪ್ಪನ ಮಕ್ಳ ಪಟ್ಟೀಲಿ ನನ್ ಹೆಸರು ಇರ್ಲಿ, ಸಾಕು’ ಎಂದರು. ಈಗ ಪಹಣಿಯ 9ನೇ ಕಾಲಂನಲ್ಲಿ ಮೂರು ಹೆಸರುಗಳಿವೆ. ಸಾಲ ಸಿಗಲು ಒಂದು ಸೆಮಿಸ್ಟರ್ ತಡವಾಯಿತು. ಆ ಸೆಮಿಸ್ಟರಿನ ಶುಲ್ಕವನ್ನು ಅಪ್ಪ ಮೆಣಸು ಮಾರಿ ಕಟ್ಟಿದರು.

ನಮ್ಮ ವಯಸ್ಸಿನವರಲ್ಲಿ ಹೆಚ್ಚಿನವರು ಜಮೀನಿನ ವಿಚಾರ ದೊಡ್ಡವರದು ಎಂದುಕೊಂಡು ಬೆಂಗಳೂರಿನ ಬಸ್ ಹತ್ತುತ್ತಾರೆ. ಆದರೆ ಕಾನೂನು ನಮ್ಮನ್ನು ಕಾಯುತ್ತ ಕೂರುವುದಿಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ತಡೆಯನ್ನು ತೆಗೆದದ್ದು 2020ರಲ್ಲಿ. ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡುವ ತಿದ್ದುಪಡಿ ಬಂದದ್ದೂ ಈಚೆಗೇ. ಅದೇ ಹೊತ್ತಿನಲ್ಲಿ ತುಂಡು ಭೂಮಿಗೆ ಬಗರ್‌ಹುಕುಂ ಅರ್ಜಿ ಹಾಕಿ, ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಾಯುತ್ತಿರುವವರು ನಮ್ಮ ಹೋಬಳಿಯಲ್ಲೇ ಇದ್ದಾರೆ. ಯಾರಿಗೆ ಎಷ್ಟು, ಯಾವ ಷರತ್ತಿನ ಮೇಲೆ ಎಂಬ ತೀರ್ಮಾನ 1974ಕ್ಕೆ ಮುಗಿದಿಲ್ಲ, ಇವತ್ತೂ ನಡೆಯುತ್ತಿದೆ. ಲೈನ್ ಮನೆಯ ಮಕ್ಕಳಿಗೆ ಸ್ವಂತ ನಿವೇಶನ ಸಿಗಬೇಕೇ ಎಂಬುದೂ ಆ ತೀರ್ಮಾನಗಳಲ್ಲಿ ಒಂದು. ಅದನ್ನು ಕೇಳಬೇಕಾದವರು ನಾವು.

ಅದಕ್ಕೆ ಮೊದಲ ಪಾಠ ಮನೆಯಲ್ಲೇ ಇದೆ. ಮುಂದಿನ ರಜೆಗೆ ಊರಿಗೆ ಹೋದಾಗ ಸರ್ವೆ ನಂಬರ್ ಕೇಳಿ. ಪಹಣಿ ಈಗ ‘ಭೂಮಿ’ ವೆಬ್‌ಸೈಟಿನಲ್ಲೇ ನೋಡಲು ಸಿಗುತ್ತದೆ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಯಾವ ಸಾಲ, ಯಾವ ಋಣ ಎಂದು ಓದಿ. ತೀರಿಹೋದವರ ಹೆಸರಿದ್ದರೆ ಪೌತಿ ಖಾತೆಯ ಮಾತು ಎತ್ತಿ. ಅಕ್ಕತಂಗಿಯರ ಹೆಸರು ಬಿಟ್ಟುಹೋಗಿದ್ದರೆ ಯಾಕೆ ಎಂದು ಕೇಳಿ. ಮನೆಯಲ್ಲಿ ಪಹಣಿಯೇ ಇಲ್ಲವಾದರೆ, ಅದು ಯಾಕಿಲ್ಲ ಎಂದು ಅಜ್ಜ–ಅಜ್ಜಿಯರನ್ನು ಕೇಳಿ. ಆ ಉತ್ತರದಲ್ಲೂ ಈ ನಾಡಿನ ಭೂ ಕಾನೂನಿನ ಚರಿತ್ರೆ ಇರುತ್ತದೆ.