ರಾಮಾನುಜನ್ ಕೈ ಹಿಡಿದ ಗಣಿತ ಸಂಘ: ಇಂದಿನ ಯುವ ವಿಜ್ಞಾನಿಗಳಿಗೂ ಬೇಕು ಇಂಥ ಆಸರೆ

ಚೆನ್ನೈ: ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರು ಕೇಳದವರು ಈ ನಗರದಲ್ಲಿ ವಿರಳ. ಅವರ ಪ್ರತಿಭೆಯನ್ನು ಮೊದಲು ಗುರುತಿಸಿದವರು ಕೇಂಬ್ರಿಜ್‌ನ ಪ್ರೊ. ಹಾರ್ಡಿ ಎಂದೇ ಹಲವರ ನಂಬಿಕೆ. ಆದರೆ 1913ರ ಜನವರಿಯಲ್ಲಿ ಹಾರ್ಡಿಯವರಿಗೆ ಪತ್ರ ಬರೆಯುವುದಕ್ಕೆ ಎರಡು ವರ್ಷ ಮೊದಲೇ ರಾಮಾನುಜನ್ ಅವರ ಕೈ ಹಿಡಿದಿದ್ದು ನಮ್ಮ ದೇಶದ್ದೇ ಒಂದು ಸಂಘ. ಆ ಸಂಘದ ಪತ್ರಿಕೆಯ ಸಂಪಾದಕರಾಗಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಇಪ್ಪತ್ತು ಮಂದಿಯ ಕೂಟ

ವಿ. ರಾಮಸ್ವಾಮಿ ಅಯ್ಯರ್ ಎಂಬ ಸರಕಾರಿ ಅಧಿಕಾರಿ 1907ರಲ್ಲಿ 20 ಮಂದಿ ಸದಸ್ಯರನ್ನು ಸೇರಿಸಿ ಗಣಿತಾಸಕ್ತರ ಕೂಟವೊಂದನ್ನು ಕಟ್ಟಿದರು. ಮುಂದೆ ಅದೇ ಭಾರತೀಯ ಗಣಿತ ಸಂಘವಾಯಿತು. ಊರೂರುಗಳಲ್ಲಿ ಚದುರಿಹೋಗಿದ್ದ ಅಧ್ಯಾಪಕರಿಗೆ ಹೊರದೇಶದ ಗಣಿತ ಪತ್ರಿಕೆಗಳು ಸಿಗುವುದೇ ಕಷ್ಟವಾಗಿದ್ದ ಕಾಲವದು. ಸಂಘ ಅವನ್ನು ತರಿಸಿ, ಪುಣೆಯ ಫರ್ಗುಸನ್ ಕಾಲೇಜಿನಲ್ಲಿದ್ದ ತನ್ನ ಗ್ರಂಥಾಲಯದಿಂದ ಅಂಚೆಯ ಮೂಲಕ ಸದಸ್ಯರಿಗೆ ಕಳಿಸಿಕೊಡುತ್ತಿತ್ತು. 1909ರಲ್ಲಿ ತನ್ನದೇ ಪತ್ರಿಕೆಯನ್ನೂ ಆರಂಭಿಸಿತು.

ಇತ್ತ ರಾಮಾನುಜನ್ ಕುಂಭಕೋಣಂನ ಸರಕಾರಿ ಕಾಲೇಜು, ಮದರಾಸಿನ ಪಚ್ಚೈಯಪ್ಪ ಕಾಲೇಜು ಎರಡರಲ್ಲೂ ಓದಿ ಎಫ್.ಎ. ಪರೀಕ್ಷೆ ಪಾಸಾಗದೆ ಉಳಿದಿದ್ದರು. ಗಣಿತವೊಂದನ್ನು ಬಿಟ್ಟು ಬೇರೆ ವಿಷಯಗಳತ್ತ ಅವರ ಮನಸ್ಸು ಹೋಗಲಿಲ್ಲ. ಕೈಯಲ್ಲಿ ಪದವಿಯಿಲ್ಲ, ಉದ್ಯೋಗವಿಲ್ಲ, ಮದುವೆ ಬೇರೆ ಆಗಿತ್ತು. ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ರಾಮಸ್ವಾಮಿ ಅಯ್ಯರ್ ಅವರನ್ನು 1910ರಲ್ಲಿ ಕಂಡು ಗುಮಾಸ್ತೆಯ ಕೆಲಸ ಕೇಳಿದರು. ನೋಟ್ ಪುಸ್ತಕಗಳನ್ನು ತಿರುವಿ ನೋಡಿದ ಅಯ್ಯರ್ ಕೆಲಸ ಕೊಡಲಿಲ್ಲ. ಇಂಥ ಪ್ರತಿಭೆ ಕಂದಾಯ ಕಚೇರಿಯ ಕಡತಗಳಲ್ಲಿ ಹೂತುಹೋಗಬಾರದೆಂದು ಮದರಾಸಿನ ಗಣಿತ ಮಿತ್ರರಿಗೆ ಪರಿಚಯ ಪತ್ರ ಬರೆದುಕೊಟ್ಟರು.

ಅಲ್ಲಿಂದ ಮುಂದಿನ ಕೆಲಸವನ್ನೆಲ್ಲ ಮಾಡಿದವರು ಸಂಘದ ಪದಾಧಿಕಾರಿಗಳು. ಕಾರ್ಯದರ್ಶಿಯಾಗಿದ್ದ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ತಿಂಗಳಿಗೆ 25 ರೂ. ನೆರವು ನೀಡಿದರು. ಖಜಾಂಚಿ ಎಸ್. ನಾರಾಯಣ ಅಯ್ಯರ್ ಮದರಾಸು ಬಂದರು ಮಂಡಳಿಯ ಹಿರಿಯ ಅಧಿಕಾರಿ. ಅದೇ ಕಚೇರಿಯಲ್ಲಿ 1912ರ ಮಾರ್ಚ್‌ನಲ್ಲಿ ರಾಮಾನುಜನ್ ಅವರಿಗೆ 30 ರೂ. ಸಂಬಳದ ಕೆಲಸ ದೊರೆಯಿತು.

ಸಂಪಾದಕರ ತಾಳ್ಮೆ

ಪತ್ರಿಕೆಯ ಸಂಪಾದಕರಾಗಿದ್ದ ಸೆಂಟ್ರಲ್ ಕಾಲೇಜಿನ ಎಂ.ಟಿ. ನಾರಾಯಣ ಅಯ್ಯಂಗಾರ್ ಅವರ ಪಾತ್ರ ಇನ್ನೂ ಮುಖ್ಯವಾದುದು. ರಾಮಾನುಜನ್ ಅವರ ಬರಹ ಬಹಳ ಅಡಕವಾಗಿದ್ದು, ನಡುವಿನ ಹಂತಗಳು ಇರುತ್ತಿರಲಿಲ್ಲ. ಸಾಮಾನ್ಯ ಓದುಗರಿಗೆ ಅರ್ಥವಾಗುವಂತಿರಲಿಲ್ಲ. ಸಂಪಾದಕರು ಅದನ್ನು ಮೂಲೆಗೆ ಹಾಕದೆ ತಿದ್ದಿ ಬರೆಯಲು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದರು. ಹೀಗೆ ಬರ್ನೂಲಿ ಸಂಖ್ಯೆಗಳ ಕುರಿತ ಅವರ ಮೊದಲ ಸಂಶೋಧನಾ ಲೇಖನ 1911ರಲ್ಲಿ ಬೆಳಕು ಕಂಡಿತು. ಪರೀಕ್ಷೆಯಲ್ಲಿ ಸೋತವರೆಂದು ಸಂಘ ಬಾಗಿಲು ಮುಚ್ಚಲಿಲ್ಲ, ಪ್ರತಿಭಾವಂತರೆಂದು ತಿದ್ದುವುದನ್ನು ಬಿಡಲೂ ಇಲ್ಲ.

ಸಂಘದಿಂದಲೇ ಎಲ್ಲವೂ ಆಯಿತೆಂದಲ್ಲ. ರಾಮಾನುಜನ್ ಅವರ ಗಣಿತದ ಪೂರ್ಣ ಆಳವನ್ನು ಅಳೆಯಬಲ್ಲವರು ಇಲ್ಲಿರಲಿಲ್ಲ. ಅದಕ್ಕೆ ಹಾರ್ಡಿಯವರೇ ಬೇಕಾಯಿತು. ಆದರೆ ಹಾರ್ಡಿಯವರಿಗೆ ಪತ್ರ ಬರೆಯುವ ಹೊತ್ತಿಗೆ ರಾಮಾನುಜನ್ ಬಳಿ ಅಚ್ಚಾದ ಲೇಖನವಿತ್ತು, ಹೊಟ್ಟೆಪಾಡಿಗೆ ಕೆಲಸವಿತ್ತು, ಬೆನ್ನಿಗೆ ನಿಲ್ಲುವ ಹಿರಿಯರಿದ್ದರು. 1913ರಲ್ಲಿ ಮದರಾಸು ವಿಶ್ವವಿದ್ಯಾಲಯ ಪದವಿಯಿಲ್ಲದ ಅವರಿಗೆ ತಿಂಗಳಿಗೆ 75 ರೂ. ಸಂಶೋಧನಾ ವೇತನ ನೀಡಿತು.

ಸರ್ ಸಿ.ವಿ. ರಾಮನ್ ಅವರದೂ ಇಂಥದೇ ಕಥೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕೋಲ್ಕತ್ತಕ್ಕೆ ಹೋದ ಯುವಕನಿಗೆ, 1876ರಲ್ಲಿ ಮಹೇಂದ್ರಲಾಲ್ ಸರ್ಕಾರ್ ಸ್ಥಾಪಿಸಿದ್ದ ವಿಜ್ಞಾನ ಸಂಘ ತನ್ನ ಪ್ರಯೋಗಾಲಯವನ್ನು ಬಿಟ್ಟುಕೊಟ್ಟಿತು. ಕಚೇರಿ ಕೆಲಸದ ಬಿಡುವಿನಲ್ಲಿ ಅಲ್ಲಿ ಸಂಶೋಧನೆ ನಡೆಸಿದ ರಾಮನ್, 1934ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು.

ಇಂದಿನ ಅವಕಾಶಗಳು

ಇದೇ ಅಕಾಡೆಮಿ ಎಳೆಯ ವಿಜ್ಞಾನಿಗಳನ್ನು ಯಂಗ್ ಅಸೋಸಿಯೇಟ್‌ಗಳಾಗಿ ಆರಿಸುವ ಪದ್ಧತಿಯನ್ನು 1983ರಲ್ಲಿ ಆರಂಭಿಸಿತು. ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿ 2014ರಲ್ಲಿ ಯುವ ವಿಜ್ಞಾನಿಗಳದೇ ಆದ ರಾಷ್ಟ್ರೀಯ ಅಕಾಡೆಮಿ ಹುಟ್ಟಿಕೊಂಡಿತು. ಬೆಂಗಳೂರಿನ ಅಕಾಡೆಮಿಯೂ ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೂ ಪ್ರಯಾಗರಾಜ್‌ನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೊಂದಿಗೆ ಸೇರಿ ಕಾಲೇಜು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿವೆ. ಸಣ್ಣ ಊರಿನ ಕಾಲೇಜಿನ ಹುಡುಗಿಯೊಬ್ಬಳು ದೊಡ್ಡ ಪ್ರಯೋಗಾಲಯದ ಒಳಗು ಕಾಣಲು ಇದಕ್ಕಿಂತ ಸುಲಭದ ದಾರಿ ಸಿಗುವುದು ಅಪರೂಪ.

ಪಿಎಚ್.ಡಿ. ಮಾಡುವವರಿಗೆ ಹಲವು ವರ್ಷ ಒಬ್ಬರೇ ಮಾರ್ಗದರ್ಶಕರು, ಒಂದೇ ವಿಭಾಗ. ಕೆಲಸ ಚೆನ್ನಾಗಿದೆಯೇ, ಮುಂದೆ ಎಲ್ಲಿಗೆ ಹೋಗಬೇಕು ಎಂದು ಕೇಳಲು ಆ ನಾಲ್ಕು ಗೋಡೆಗಳ ಆಚೆ ಯಾರೂ ಇಲ್ಲದಿದ್ದಾಗ ಎಷ್ಟೋ ಮಂದಿ ನಡುವೆಯೇ ಕೈಬಿಡುತ್ತಾರೆ. ರಾಷ್ಟ್ರೀಯ ಸಂಘಟನೆಗಳ ಬೆಲೆ ತಿಳಿಯುವುದು ಅಲ್ಲಿಯೇ. ಸಮ್ಮೇಳನದಲ್ಲಿ ಪ್ರಬಂಧ ಓದಿದಾಗ ಬೇರೆ ಊರಿನ ಹಿರಿಯರು ತಪ್ಪು ತೋರಿಸುತ್ತಾರೆ, ಹೆಸರು ನೆನಪಿಟ್ಟುಕೊಳ್ಳುತ್ತಾರೆ, ಕೆಲಸ ಖಾಲಿ ಇದ್ದಾಗ ಒಂದು ಮಾತು ತಿಳಿಸುತ್ತಾರೆ.

ಐಐಟಿ, ಅಡ್ಯಾರಿನ ಚರ್ಮ ಸಂಶೋಧನಾ ಸಂಸ್ಥೆ, ತರಮಣಿಯ ಗಣಿತ ವಿಜ್ಞಾನ ಸಂಸ್ಥೆಗಳಿರುವ ಚೆನ್ನೈಗೆ ಕರ್ನಾಟಕದಿಂದಲೂ ಸಂಶೋಧನಾ ವಿದ್ಯಾರ್ಥಿಗಳು ಬರುತ್ತಾರೆ. ಇಲ್ಲಿನ ಕನ್ನಡ ಸಂಘಗಳು ಪ್ರತಿಭಾ ಪುರಸ್ಕಾರದ ದಿನ ಅಂಕಪಟ್ಟಿ ನೋಡಿ ಸ್ಮರಣಿಕೆ ನೀಡುವುದರ ಜೊತೆಗೆ, ಈ ವಿದ್ಯಾರ್ಥಿಗಳನ್ನೂ ಕರೆದು ಮಾತನಾಡಿಸಬಹುದು. ಫೆಲೋಶಿಪ್‌ಗಳ ಪ್ರಕಟಣೆಯನ್ನು ಸೂಚನಾ ಫಲಕದಲ್ಲಿ ಹಾಕಬಹುದು. ನಿವೃತ್ತ ಪ್ರಾಧ್ಯಾಪಕರೊಬ್ಬರು ಅರ್ಜಿಯನ್ನು ಓದಿ ತಿದ್ದಿಕೊಟ್ಟರೆ ಅದೂ ದೊಡ್ಡ ಸಹಾಯವೇ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ರಾಮಸ್ವಾಮಿ ಅಯ್ಯರ್ ಅಂದು ಕೊಟ್ಟಿದ್ದೂ ಪರಿಚಯ ಪತ್ರವನ್ನಷ್ಟೇ.