ಚಿಕಿತ್ಸೆಯ ಮೂರನೆಯ ಪಾದ

ಕಳೆದ ತಿಂಗಳು ಶ್ರೀಮಠದ ದಾಸೋಹದ ಪಂಕ್ತಿಯಿಂದ ಎದ್ದು ಬಂದ ರೈತರೊಬ್ಬರು, ಪಿ.ಯು.ಸಿ. ಮುಗಿಸಿದ ಮಗನನ್ನು ಜೊತೆಗೆ ನಿಲ್ಲಿಸಿಕೊಂಡು, ನಮಗೊಂದು ಕಾಗದವನ್ನು ತೋರಿಸಿದರು. ಹದಿನೈದು ದಿನಗಳಲ್ಲಿ ಪಂಚಕರ್ಮ ಥೆರಪಿಸ್ಟ್ ಆಗಬಹುದು, ಕೊನೆಗೆ ಪ್ರಮಾಣಪತ್ರ ದೊರೆಯುವುದು, ಅನಂತರ ಹೊರದೇಶದಲ್ಲಿ ಕೆಲಸ ಸಿಗುವುದು ಎಂದು ಅದರಲ್ಲಿ ಅಚ್ಚಾಗಿತ್ತು. ಶುಲ್ಕ ಅರವತ್ತು ಸಾವಿರ ರೂಪಾಯಿ. “ಒಂದ್ ಜೋಡಿ ಎತ್ತು ಮಾರಿದ್ರ ಆಗತೈತ್ರಿ ಡಾಕ್ಟರ್ರ, ಕೊಡಲೇನ್ರಿ?” ಎಂದು ಕೇಳಿದರು. ಆ ಕ್ಷಣದಲ್ಲಿ ನಾವು ಬೇಡವೆಂದಷ್ಟೇ ಹೇಳಿದೆವು. ಏಕೆ ಬೇಡ, ಹಾಗಾದರೆ ಏನು ಬೇಕು ಎಂಬುದನ್ನು ಹೇಳಲು ಅಂದು ಸಮಯವಿರಲಿಲ್ಲ. ಇದೇ ಪ್ರಶ್ನೆಯನ್ನು ಹೊತ್ತ ತಂದೆತಾಯಿಗಳು ಈ ಪತ್ರಿಕೆಯ ಓದುಗರಲ್ಲಿ ಅನೇಕರಿದ್ದಾರೆಂಬುದನ್ನು ಬಲ್ಲೆವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಎಣ್ಣೆ ಹಚ್ಚಿ ಮೈ ತಿಕ್ಕುವುದರಲ್ಲಿ ಕಲಿಯುವುದೇನಿದೆ ಎಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿದೆ. ಅದಕ್ಕೆ ಕಾರಣವೂ ಉಂಟು. ನರಕ ಚತುರ್ದಶಿಯ ಅಭ್ಯಂಜನ ನಡೆಯದ ಮನೆಯಿಲ್ಲ. ಬಾಣಂತಿಗೂ ಕೂಸಿಗೂ ಎಣ್ಣೆನೀರು ಹಾಕುವ ಅಜ್ಜಿಯರು ಊರೂರಿಗೆ ಇದ್ದರು; ಅವರಿಗೆ ಯಾರೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಆದರೆ ಆ ಅಜ್ಜಿಯರು ಹದಿನೈದು ದಿನಗಳಲ್ಲಿ ಕಲಿತವರಲ್ಲ ಎಂಬುದನ್ನು ಮರೆಯುತ್ತೇವೆ. ತಾಯಿಯ ಅಥವಾ ಅತ್ತೆಯ ಪಕ್ಕದಲ್ಲಿ ಕುಳಿತು, ನೀರು ಹೊತ್ತು, ಎಣ್ಣೆ ಕಾಯಿಸಿ, ಹತ್ತಾರು ಕೂಸುಗಳು ಇನ್ನೊಬ್ಬರ ಕಾಲ ಮೇಲೆ ಮಲಗಿದ್ದನ್ನು ಕಂಡ ಮೇಲೆಯೇ ಅವರ ಕಾಲ ಮೇಲೆ ಮೊದಲ ಕೂಸು ಬರುತ್ತಿತ್ತು. ಅಲ್ಲದೆ ಅವರು ಎಣ್ಣೆ ಹಚ್ಚುತ್ತಿದ್ದುದು ಆರೋಗ್ಯವಂತರಿಗೆ. ಚಿಕಿತ್ಸಾಲಯದ ಮೇಜಿನ ಮೇಲೆ ಮಲಗುವವರು ರೋಗಿಗಳು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಮೂರನೆಯ ಪಾದವಾದ ಪರಿಚಾರಕನಿಗೆ ನಾಲ್ಕು ಗುಣಗಳಿರಬೇಕು. ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ವೈದ್ಯನಾಗಬೇಕಾದವನು ಬಿ.ಎ.ಎಂ.ಎಸ್. ಪದವಿಗೆ ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ, ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುತ್ತಾನೆ. ಔಷಧ ತಯಾರಿಸುವವರಿಗೆ ಪರವಾನಗಿ ಬೇಕು. ಚಿಕಿತ್ಸಾಲಯವೇ ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾಗಬೇಕು. ರೋಗಿಯ ಮೈಯನ್ನು ದಿನವೂ ಮುಕ್ಕಾಲು ಗಂಟೆ ಮುಟ್ಟುವ ಕೈಗೆ ಮಾತ್ರ ಪ್ರತ್ಯೇಕ ನೋಂದಣಿ ಮಂಡಳಿಯಿಲ್ಲ. ವೈದ್ಯರಾದ ನಾವು ನಾಡಿ ಹಿಡಿಯುವುದು ಎರಡು ನಿಮಿಷ.

ಹೊರದೇಶದ ಕೆಲಸದ ಆಸೆ ತೋರಿಸುವವರು ಹೇಳದೆ ಬಿಡುವ ಸಂಗತಿಯೊಂದಿದೆ. ಜಪಾನಿನಲ್ಲಿ 1947ರ ಕಾಯಿದೆಯಂತೆ ಅಂಗಮರ್ದನದ ವೃತ್ತಿಗೆ ಮೂರು ವರ್ಷಗಳ ಶಿಕ್ಷಣವೂ ರಾಷ್ಟ್ರಮಟ್ಟದ ಪರೀಕ್ಷೆಯೂ ಕಡ್ಡಾಯ. ಅಲ್ಲಿ ಶತಮಾನಗಳಿಂದ ಈ ವಿದ್ಯೆಯನ್ನು ಅಂಧರು ವೃತ್ತಿಯಾಗಿ ಬೆಳೆಸಿಕೊಂಡು ಬಂದಿದ್ದಾರೆ. ಜರ್ಮನಿಯ 1994ರ ಕಾಯಿದೆಯಲ್ಲಿ ಎರಡು ವರ್ಷದ ಓದು, ಅದರ ಮೇಲೆ ಆರು ತಿಂಗಳ ಪ್ರಾಯೋಗಿಕ ಸೇವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸಾವಿರ ಗಂಟೆಗಳ ತರಬೇತಿಯಾಗದೆ ಪರವಾನಗಿಯಿಲ್ಲ. ಅಂಥ ದೇಶಗಳಲ್ಲಿ ಹದಿನೈದು ದಿನದ ಕಾಗದಕ್ಕೆ ಬೆಲೆಯೇನೆಂಬುದನ್ನು ಓದುಗರೇ ಊಹಿಸಬಹುದು.

ಇನ್ನು ಕಲಿಯುವುದೇನಿದೆ ಎಂಬ ಮಾತಿಗೆ ಬರೋಣ. ಇಲ್ಲಿ ನಾವು ನಮ್ಮದೇ ತಪ್ಪೊಂದನ್ನು ಹೇಳಬೇಕಾಗಿದೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಚಿಕಿತ್ಸಾಲಯಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬನಿದ್ದ. ಗಟ್ಟಿಮುಟ್ಟು, ವಿನಯವಂತ, ಹೇಳಿದ್ದನ್ನು ಮಾಡುವವನು. ಒಂದು ವಾರ ಹಿರಿಯ ಪರಿಚಾರಕರ ಜೊತೆಗೆ ನಿಲ್ಲಿಸಿ, ಕಲಿತನೆಂದು ಭಾವಿಸಿದೆವು. ಮೊಣಕಾಲು ನೋವೆಂದು ಬಂದ ನಿವೃತ್ತ ಶಿಕ್ಷಕರೊಬ್ಬರಿಗೆ ಪತ್ರಪಿಂಡ ಸ್ವೇದವನ್ನು ಬರೆದುಕೊಟ್ಟೆವು. ಎಕ್ಕ, ಲಕ್ಕಿ, ಔಡಲ, ನುಗ್ಗೆಯ ಎಲೆಗಳನ್ನು ಹೆಚ್ಚಿ, ಕೊಬ್ಬರಿತುರಿ, ನಿಂಬೆಹಣ್ಣು, ಸೈಂಧವ ಲವಣ ಸೇರಿಸಿ, ಎಣ್ಣೆಯಲ್ಲಿ ಹುರಿದು ಬಟ್ಟೆಯಲ್ಲಿ ಕಟ್ಟುವ ಗಂಟು ಅದು. ಬಿಸಿ ಬಾಣಲೆಯಲ್ಲಿ ಮತ್ತೆ ಮತ್ತೆ ಅದ್ದಿ ಮೈಮೇಲೆ ಆಡಿಸಬೇಕು. ಹುಡುಗ ಮೊಣಕಾಲಿನಿಂದ ಪಾದದವರೆಗೂ ಶ್ರದ್ಧೆಯಿಂದ ಆಡಿಸಿದ. “ಬಿಸಿ ಸರಿಯಿದೆಯೇ?” ಎಂದು ನಡುನಡುವೆ ಕೇಳಿಯೂ ಇದ್ದ. ಅವರು ಸರಿಯಿದೆ ಎಂದೇ ಹೇಳಿದರು. ಹದಿನೈದು ವರ್ಷಗಳ ಮಧುಮೇಹದಿಂದ ಅವರ ಪಾದಗಳಿಗೆ ಬಿಸಿ ತಿಳಿಯುತ್ತಲೇ ಇರಲಿಲ್ಲ. ಮರುದಿನ ಎರಡೂ ಪಾದಗಳಲ್ಲಿ ಬೊಬ್ಬೆಗಳೆದ್ದವು. ಎಡಪಾದದ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಒಂದು ಬೆರಳನ್ನು ಶಸ್ತ್ರಚಿಕಿತ್ಸಕರು ತೆಗೆಯಬೇಕಾಯಿತು.

ಸ್ವೇದನಕ್ಕೆ ಯೋಗ್ಯರಲ್ಲದವರ ಪಟ್ಟಿಯಲ್ಲಿ ಮಧುಮೇಹಿಗಳನ್ನು ಚರಕಾಚಾರ್ಯರು ಸೇರಿಸಿದ್ದಾರೆ. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನಾವು. ಆದ್ದರಿಂದ ತಪ್ಪು ಮೊದಲು ನಮ್ಮದು. ಆದರೆ ಆ ಹುಡುಗನಿಗೆ ಮೂರು ಸಂಗತಿಗಳನ್ನು ಯಾರಾದರೂ ಕಲಿಸಿದ್ದರೆ ನಮ್ಮ ತಪ್ಪು ಆ ಮೇಜಿನ ಬಳಿಯಲ್ಲೇ ನಿಲ್ಲುತ್ತಿತ್ತು. ಗಂಟನ್ನು ಪ್ರತಿಸಲವೂ ಮೊದಲು ತನ್ನ ಮುಂಗೈಯ ಹಿಂಭಾಗಕ್ಕೆ ಒತ್ತಿ ನೋಡಬೇಕು. ರೋಗಿಯ ಮಾತನ್ನಷ್ಟೇ ನಂಬದೆ ಅವನ ಚರ್ಮದ ಬಣ್ಣವನ್ನು ನೋಡುತ್ತಿರಬೇಕು. ಸಕ್ಕರೆ ಕಾಯಿಲೆಯುಂಟೇ ಎಂದು ತಾನೇ ಕೇಳಿ, ಉಂಟೆಂದರೆ ವೈದ್ಯನ ಬಳಿಗೆ ಹಿಂದಿರುಗಿ ಬರಬೇಕು. ವೈದ್ಯನ ಚೀಟಿಯನ್ನು ಹಿಡಿದು ಹಿಂದಿರುಗಿ ಬರುವ ಧೈರ್ಯವೂ ತರಬೇತಿಯಿಂದಲೇ ಬರತಕ್ಕದ್ದು. ಆ ಶಿಕ್ಷಕರು ನಮ್ಮ ಮೇಲೆ ಒಂದು ದೂರನ್ನೂ ಕೊಡಲಿಲ್ಲ. ಅದು ನಮಗೆ ಇಂದಿಗೂ ಹಗುರವಾಗಿಲ್ಲ.

ಸುಶ್ರುತಸಂಹಿತೆಯಲ್ಲಿ ಯೋಗ್ಯಾಸೂತ್ರೀಯ ಎಂಬ ಅಧ್ಯಾಯವೇ ಇದೆ. ಎಷ್ಟು ಶಾಸ್ತ್ರ ಓದಿದ್ದರೂ ಕೈಯ ಅಭ್ಯಾಸವಿಲ್ಲದವನು ಕರ್ಮಕ್ಕೆ ಅನರ್ಹನೆಂಬುದು ಅದರ ಅಭಿಪ್ರಾಯ. ಛೇದನವನ್ನು ಕುಂಬಳ, ಸೋರೆಗಳ ಮೇಲೆ ಮೊದಲು ಕಲಿಯಬೇಕೆಂದೂ, ಬೇರೆ ಕರ್ಮಗಳಿಗೆ ನೀರು ತುಂಬಿದ ಚರ್ಮದ ಚೀಲ ಮೊದಲಾದವುಗಳನ್ನು ಬಳಸಬೇಕೆಂದೂ ಅಲ್ಲಿ ಹೇಳಿದೆ. ಶಸ್ತ್ರಕ್ಕೆ ಹೇಳಿದ ಈ ಕ್ರಮ ಬರಿಗೈಗೂ ಸಲ್ಲುತ್ತದೆಂದು ನಮ್ಮ ಅನುಭವ. ಆ ಘಟನೆಯ ನಂತರ ನಮ್ಮಲ್ಲಿ ಸೇರಿದವರು ಮೊದಲ ಮೂರು ತಿಂಗಳು ರೋಗಿಯನ್ನು ಮುಟ್ಟುವುದಿಲ್ಲ. ಪರಸ್ಪರ ಅಭ್ಯಂಗ ಮಾಡಿಕೊಳ್ಳುತ್ತಾರೆ. ಎಣ್ಣೆ ಹೆಚ್ಚು ಬಿಸಿಯಾದರೆ ಹೇಗಿರುತ್ತದೆ, ಹೆಬ್ಬೆರಳು ಎಲುಬಿನ ಮೇಲೆ ಜಾರಿದರೆ ಎಷ್ಟು ನೋಯುತ್ತದೆ, ಹೊದಿಕೆ ಸರಿದಾಗ ಎಷ್ಟು ನಾಚಿಕೆಯಾಗುತ್ತದೆ ಎಂಬುದನ್ನು ಮಲಗಿಕೊಂಡೇ ತಿಳಿಯಬೇಕು.

ಒಂದು ವರ್ಷದ ತರಬೇತಿಯಲ್ಲಿ ಏನೇನಿರುತ್ತದೆಂದು ಕೇಳುವವರಿಗೆ ಕೆಲವನ್ನಾದರೂ ಹೇಳಬೇಕು. ದೇಹದ ಎಲುಬು, ಸಂಧಿ, ಮಾಂಸಖಂಡಗಳ ಪರಿಚಯ. ನೂರೇಳು ಮರ್ಮಸ್ಥಾನಗಳಲ್ಲಿ ಎಲ್ಲಿ ಒತ್ತಬಾರದು ಎಂಬ ಜ್ಞಾನ. ಕ್ಷೀರಬಲಾ ತೈಲಕ್ಕೂ ಮಹಾನಾರಾಯಣ ತೈಲಕ್ಕೂ ಇರುವ ವ್ಯತ್ಯಾಸವನ್ನು ಸೀಸೆಯ ಚೀಟಿ ನೋಡದೆ ಬಣ್ಣ, ವಾಸನೆಗಳಿಂದಲೇ ಗುರುತಿಸುವುದು. ಎಣ್ಣೆಯನ್ನು ನೇರವಾಗಿ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸುವುದು. ಕುಳಿತ ಭಂಗಿಯಿಂದ ತೊಡಗಿ ಅಂಗಾತ, ಮಗ್ಗುಲು, ಬೋರಲು ಹೀಗೆ ಏಳು ಭಂಗಿಗಳಲ್ಲಿ ರೋಗಿಯನ್ನು ಬೀಳದಂತೆ ಹೊರಳಿಸುವುದು. ಎಣ್ಣೆ ಹಚ್ಚಿದ ಮೈ ಮೇಜಿನ ಮೇಲೆ ಮೀನಿನಂತೆ ಜಾರುತ್ತದೆ. ಶಿರೋಧಾರೆಯ ಪಾತ್ರೆಯನ್ನು ಹಣೆಯಿಂದ ನಾಲ್ಕು ಅಂಗುಲ ಎತ್ತರದಲ್ಲಿ ಕಟ್ಟಿ, ಧಾರೆ ಕಣ್ಣಿಗೆ ಇಳಿಯದಂತೆ ಕಾಯುವುದು. ಇಬ್ಬರು ಎರಡು ಪಕ್ಕಗಳಲ್ಲಿ ನಿಂತು ಒಂದೇ ಲಯದಲ್ಲಿ ಕೈಯಾಡಿಸುವುದು; ಇದಕ್ಕೇ ಎರಡು ತಿಂಗಳು ಬೇಕು, ಅದೂ ಇಬ್ಬರಿಗೂ ಜಗಳವಿಲ್ಲದಿದ್ದರೆ!

ಕಾಲದ ಲೆಕ್ಕವೂ ಒಂದುಂಟು. ಸುಶ್ರುತಸಂಹಿತೆಯ ವ್ಯಾಖ್ಯಾನಕಾರ ಡಲ್ಹಣರು ಸ್ನೇಹವು ರೋಮಮೂಲಕ್ಕೆ ಇಳಿಯಲು 300 ಮಾತ್ರಾಕಾಲ, ಮಜ್ಜೆಯವರೆಗೆ ಇಳಿಯಲು 900 ಮಾತ್ರಾಕಾಲವನ್ನು ಹೇಳಿದ್ದಾರೆ. ಒಂದು ಮಾತ್ರೆ ಎಂದರೆ ಹ್ರಸ್ವಾಕ್ಷರವೊಂದನ್ನು ಉಚ್ಚರಿಸುವಷ್ಟು ಹೊತ್ತು. ಇಂದಿನ ಎಣಿಕೆಯಲ್ಲಿ 900 ಮಾತ್ರೆಗಳು ಸುಮಾರು ಐದು ನಿಮಿಷಗಳಾಗುತ್ತವೆ. ಪ್ರತಿ ಭಂಗಿಗೆ ಅಷ್ಟು ಹೊತ್ತು ಕೊಟ್ಟರೆ ಏಳು ಭಂಗಿಗಳಿಗೆ ಮೂವತ್ತೈದು ನಿಮಿಷ. ಅವಸರದ ಕೇಂದ್ರಗಳಲ್ಲಿ ಹದಿನೈದು ನಿಮಿಷಗಳಲ್ಲಿ ಮುಗಿಸಿ ಹಬೆಪೆಟ್ಟಿಗೆಗೆ ಕೂರಿಸುವುದನ್ನು ಕಂಡಿದ್ದೇವೆ.

ಮಾಡುವುದಕ್ಕಿಂತ ಮಾಡದಿರುವುದನ್ನು ಕಲಿಯಲು ಹೆಚ್ಚು ಕಾಲ ಹಿಡಿಯುತ್ತದೆ. ಅಜೀರ್ಣವಿದ್ದಾಗ, ಹೊಸ ಜ್ವರದಲ್ಲಿ, ವಮನ ವಿರೇಚನಗಳಾದ ಕೂಡಲೇ ಅಭ್ಯಂಗ ಕೂಡದೆಂಬುದು ಶಾಸ್ತ್ರ. ಅದರ ಜೊತೆಗೆ ಇಂದಿನ ವೈದ್ಯವಿಜ್ಞಾನ ತಿಳಿಸಿದ್ದನ್ನೂ ಕಲಿಸಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಗಡ್ಡೆ ಸಡಿಲಗೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಬಹುದೂರ ಬಸ್ಸಿನಲ್ಲಿ ಕುಳಿತು ಬಂದ ಹಿರಿಯರು “ಕಾಲು ಬಾತಿದೆ, ಸ್ವಲ್ಪ ಗಟ್ಟಿಯಾಗಿ ತಿಕ್ಕಪ್ಪ” ಎಂದಾಗ ಕೈ ಹಿಂದೆಗೆಯುವವನೇ ತರಬೇತಾದವನು.

ಇಡೀ ಮೈಯನ್ನು ನೋಡುವವರು ಪರಿಚಾರಕರೇ, ನಾವಲ್ಲ. ನಮ್ಮಲ್ಲಿ ಕಲಿತ ಹೆಣ್ಣುಮಗಳೊಬ್ಬಳು ಬೆನ್ನುನೋವಿನ ಗೃಹಿಣಿಯೊಬ್ಬರಿಗೆ ಅಭ್ಯಂಗ ಮಾಡುವಾಗ ಕಂಕುಳ ಬಳಿ ನೋವಿಲ್ಲದ ಗಂಟೊಂದು ಬೆರಳಿಗೆ ತಾಗಿತೆಂದು ಬಂದು ಹೇಳಿದಳು. ಆ ತಾಯಿ ಅದನ್ನು ಎರಡು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಸ್ತನದ ಅರ್ಬುದವೆಂದು ತಿಳಿದು, ಶಸ್ತ್ರಚಿಕಿತ್ಸೆಯಾಗಿ, ಅವರು ಇಂದಿಗೂ ಜಾತ್ರೆಗೆ ಬರುತ್ತಾರೆ. ಮೊದಲು ಆ ಹುಡುಗಿಯನ್ನು ಕಂಡು ಮಾತನಾಡಿಸಿ ಅನಂತರ ನಮ್ಮತ್ತ ಬರುತ್ತಾರೆ. ಅದೇ ನ್ಯಾಯ.

ಹೆಣ್ಣುಮಕ್ಕಳಿಗೆ ಈ ಕಾಯಕದಲ್ಲಿ ಬಹಳ ಅವಕಾಶವಿದೆ. ಸ್ತ್ರೀಯರಿಗೆ ಸ್ತ್ರೀಯರೇ, ಪುರುಷರಿಗೆ ಪುರುಷರೇ ಅಭ್ಯಂಗ ಮಾಡಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಈ ನಿಯಮವಿಲ್ಲದ ಜಾಗಕ್ಕೆ ಮಗಳನ್ನಾಗಲಿ ಮಗನನ್ನಾಗಲಿ ಕಳುಹಿಸಬೇಡಿರಿ. ಆದರೂ ಮನೆಯವರು ಹಿಂಜರಿಯುತ್ತಾರೆ. “ಇನ್ನೊಬ್ಬರ ಕಾಲು ತಿಕ್ಕುವ ಕೆಲಸವೇ?” ಎಂದು ನಮ್ಮೆದುರಿಗೇ ಕೇಳಿದವರಿದ್ದಾರೆ, ಅವರು ಕೊರಳಲ್ಲಿ ಇಷ್ಟಲಿಂಗ ಧರಿಸಿದವರು. ಕಾಯಕದಲ್ಲಿ ಮೇಲುಕೀಳುಗಳನ್ನು ಅಳಿಸಿದ ಶರಣರ ಗೋಷ್ಠಿಯಲ್ಲಿ ವೈದ್ಯ ಸಂಗಣ್ಣನವರು ಎಲ್ಲಿ ಕುಳಿತಿದ್ದರೋ ಅಲ್ಲಿಯೇ ಹಡಪದ ಅಪ್ಪಣ್ಣನವರೂ ಕುಳಿತಿದ್ದರು. ವೈದ್ಯನಿಗೆ ಕುರ್ಚಿ ಹಾಕಿ ಪರಿಚಾರಕನನ್ನು ಬಾಗಿಲಲ್ಲಿ ನಿಲ್ಲಿಸುವವರು ನಾವು.

ಒಳ್ಳೆಯ ತರಬೇತಿ ದೊರೆಯುವುದೇ ಇಲ್ಲವೆಂದಲ್ಲ. ಕೇರಳದ ಚೆರುತುರುತ್ತಿಯಲ್ಲಿ ಕೇಂದ್ರ ಸರ್ಕಾರದ ಆಯುರ್ವೇದ ಸಂಶೋಧನಾ ಪರಿಷತ್ತಿಗೆ ಸೇರಿದ ಪಂಚಕರ್ಮ ಸಂಸ್ಥೆಯು ಪಂಚಕರ್ಮ ತಂತ್ರಜ್ಞರಿಗೆ ಒಂದು ವರ್ಷದ ಶಿಕ್ಷಣ ನೀಡುತ್ತದೆ. ಅದೇ ಊರಿನಲ್ಲಿ 1930ರಲ್ಲಿ ಆರಂಭವಾದ ಕಲಾಮಂಡಲಂ ಇರುವುದು ಗಮನಾರ್ಹ. ಅಲ್ಲಿ ಕಥಕಳಿ ಕಲಿಯುವ ಹುಡುಗರಿಗೆ ಮಳೆಗಾಲದಲ್ಲಿ ಎಣ್ಣೆ ಹಚ್ಚಿ ಕಾಲಿನಿಂದ ಮೈ ಮರ್ದಿಸುವ ಪದ್ಧತಿಯುಂಟು. ಕೇಂದ್ರದ ಕೌಶಲಾಭಿವೃದ್ಧಿ ವ್ಯವಸ್ಥೆಯಲ್ಲಿ ಆರೋಗ್ಯ ವಲಯದ ಕೌಶಲ ಮಂಡಳಿಯು ಪಂಚಕರ್ಮ ತಂತ್ರಜ್ಞರ ಅರ್ಹತೆಯನ್ನು ರೂಪಿಸಿದೆ. ಸೌಂದರ್ಯ ವಲಯದ ಮಂಡಳಿ ನೀಡುವ ಸ್ಪಾ ತರಬೇತಿ ಬೇರೆ, ಅದು ಚಿಕಿತ್ಸೆಯಲ್ಲ. ಎರಡನ್ನೂ ಒಂದೆಂದು ತಿಳಿದು ಹಣ ಕಟ್ಟಿದವರು ನಮ್ಮಲ್ಲಿಗೆ ಬಂದಿದ್ದಾರೆ. ಸೇರಿಸುವ ಮೊದಲು ಕೇಳಬೇಕಾದುದು ಇಷ್ಟೇ: ಅಲ್ಲಿ ಒಳರೋಗಿಗಳಿರುವ ಆಸ್ಪತ್ರೆಯಿದೆಯೇ, ನೋಂದಾಯಿತ ವೈದ್ಯರು ಪಾಠ ಮಾಡುತ್ತಾರೆಯೇ, ಪ್ರಮಾಣಪತ್ರಕ್ಕೆ ಸಹಿ ಹಾಕುವವರಾರು? ಈ ಮೂರಕ್ಕೆ ಉತ್ತರ ತೊದಲಿದರೆ ಎತ್ತು ಕೊಟ್ಟಿಗೆಯಲ್ಲೇ ಇರಲಿ.

ನಮ್ಮ ಮಠಗಳು ಆಯುರ್ವೇದ ಕಾಲೇಜುಗಳನ್ನು ಕಟ್ಟಿ ಸಾವಿರಾರು ವೈದ್ಯರನ್ನು ನಾಡಿಗೆ ಕೊಟ್ಟಿವೆ. ಅವೇ ಆಸ್ಪತ್ರೆಗಳ ಮೇಜುಗಳ ಬಳಿ, ಅದೇ ಉಚಿತ ಪ್ರಸಾದನಿಲಯಗಳಲ್ಲಿ ವಸತಿ ಕೊಟ್ಟು, ವರ್ಷಕ್ಕೆ ಇಪ್ಪತ್ತು ಪರಿಚಾರಕರನ್ನು ತಯಾರಿಸುವುದು ಕಷ್ಟವಲ್ಲ. ಈ ವಿಚಾರವನ್ನು ಪೂಜ್ಯರ ಸನ್ನಿಧಿಯಲ್ಲಿ ಬಿನ್ನವಿಸಿಕೊಂಡಿದ್ದೇವೆ.

ಕಾಲಿಗೆ ಸುಟ್ಟಗಾಯ ಮಾಡಿದ ಆ ಹುಡುಗ ಅಂದು ಕೆಲಸ ಬಿಡುತ್ತೇನೆಂದು ಅತ್ತಿದ್ದ. ನಾವು ಬಿಡಗೊಡಲಿಲ್ಲ. ಐದು ತಿಂಗಳೂ ಶಿಕ್ಷಕರ ಮನೆಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟಿ ಬರುತ್ತಿದ್ದವನು ಅವನೇ. ಈಗ ಅವನಿಗೆ ನಲವತ್ತು ದಾಟಿದೆ. ಹೊಸಬರಿಗೆ ಕಲಿಸುವವನೂ ಅವನೇ. ಮೊದಲ ದಿನ ಬಿಸಿ ಗಂಟನ್ನು ಅವರ ಮುಂಗೈಗೆ ಒತ್ತಿ, ಬಾಯಿಬಿಟ್ಟು ಹೇಳುವವರೆಗೂ ತೆಗೆಯುವುದಿಲ್ಲ.

ರೈತರ ಮಗನನ್ನು ಅವನ ಬಳಿಗೆ ಬರಲು ಹೇಳಿದ್ದೇವೆ. ಬೆಳಿಗ್ಗೆ ಆರು ಗಂಟೆಗೆ, ಉಗುರು ಕತ್ತರಿಸಿಕೊಂಡು, ಎರಡು ವಾರ ಸುಮ್ಮನೆ ನಿಂತು ನೋಡಲಿ. ಆಮೇಲೂ ಮನಸ್ಸಿದ್ದರೆ ವರ್ಷದ ಶಿಕ್ಷಣಕ್ಕೆ ಅರ್ಜಿ ತುಂಬೋಣ.